ಸಾಹೇಬರಿಗೆ ಜಾಗ ಬಿಟ್ಟುಕೊಟ್ಟ ದಿನ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಮುಂಜಾನೆಯ ರೈಲು ಹೊತ್ತಿಗೆ ಸರಿಯಾಗಿ ಬಂದದ್ದು ನನಗೆ ನೆನಪಿಲ್ಲ. ಬಂದಾಗ ಅದರಲ್ಲಿ ಕಾಲಿಡಲು ಜಾಗ ಇದ್ದದ್ದೂ ನೆನಪಿಲ್ಲ. ಹೊರಡುವಾಗಲೇ ತುಂಬಿರುತ್ತಿತ್ತು. ಉಣಕಲ್ಲಿನಲ್ಲಿ ಕಾಯಿಪಲ್ಲೆಯ ಬುಟ್ಟಿಗಳು ಏರುತ್ತಿದ್ದವು, ಅಮರಗೋಳದಲ್ಲಿ ಹಾಲಿನ ಕೊಡಗಳು, ನವಲೂರಿನಲ್ಲಿ ಪೇರಲ ಹಣ್ಣು. ಹೆಂಗಸರಿಗೆಂದು ಇದ್ದದ್ದು ಒಂದೇ ಡಬ್ಬಿ. ಅದರಲ್ಲಿ ನಾನೂ ನನ್ನ ಗೆಳತಿಯೂ ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡು, ಯಾರದೋ ಬುಟ್ಟಿಯ ಮೆಂತ್ಯಪಲ್ಲೆಯಲ್ಲಿ ಮುಖವಿಟ್ಟು ನಿಂತೇ ಹೋಗುತ್ತಿದ್ದೆವು. ಇಷ್ಟು ಬೈದರೂ ಆ ರೈಲು ನಮ್ಮ ಜೀವವಾಗಿತ್ತು.

ಇಬ್ಬರೂ ಕನ್ನಡ ಸಾಲೆಯ ಕೊನೆಯ ಮುಲ್ಕಿ ಪರೀಕ್ಷೆ ಪಾಸಾಗಿ ಧಾರವಾಡದಲ್ಲಿ ಮಾಸ್ತರ್ಕಿ ಕಲಿಯುವ ಟ್ರೇನಿಂಗ್ ಕಾಲೇಜು ಸೇರಿದ್ದೆವು. ನಾನು ಅರಳೆ ವ್ಯಾಪಾರಿಯ ಮಗಳು. ಅವಳು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರ ಮಗಳು, ಅವರ ಓಣಿಯಲ್ಲಿ ಮುಲ್ಕಿ ಮುಟ್ಟಿದ ಮೊದಲ ಮುಸಲ್ಮಾನ ಹುಡುಗಿ. ಲೆಕ್ಕದಲ್ಲಿ ಅವಳನ್ನು ಹಿಂದೆ ಹಾಕಬೇಕೆಂದು ನಾನು ಎರಡು ವರ್ಷ ಒದ್ದಾಡಿದೆ, ಆಗಲಿಲ್ಲ. ಅದರ ಹೊಟ್ಟೆಕಿಚ್ಚು ನನಗಿತ್ತು, ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಅವಳ ಅಪ್ಪ ಕಲಿಯಲು ಕಳಿಸಿದ್ದು ಒಂದು ಕರಾರಿನ ಮೇಲೆ. "ಮುಂಜಾನಿ ವರ್ಕ್‌ಶಾಪಿಗೆ ಹೋಗೂ ಮುಂದ ನಾನಽ ಹೆಂಗಸರ ಡಬ್ಬಿ ಹತ್ತಸ್ತೇನಿ. ಸಂಜೀಕ ದೀಪಾ ಹಚ್ಚೂದರಾಗ ಮನ್ಯಾಗ ಇರಬೇಕು. ಇದು ತಪ್ಪಿತೋ, ಸಾಲಿ ಬಂದ್" ಎಂದಿದ್ದರು. ಗಂಡಸರು ಹೆಂಗಸರು ಒತ್ತಿ ಕೂರುವ ಮೋಟಾರು ಬಸ್ಸಿನ ಮಾತನ್ನು ಅವರ ಮುಂದೆ ಎತ್ತುವ ಹಾಗಿರಲಿಲ್ಲ. ಹೀಗಾಗಿ ಅವಳ ವಿದ್ಯೆ ಆ ರೈಲಿಗೆ ಕಟ್ಟಿಬಿದ್ದಿತ್ತು.

ಅದು ಯುದ್ಧದ ಕಾಲ. ಕಲ್ಲಿದ್ದಲು ಸಾಲದೆಂದು ಮೊದಲು ನಮ್ಮ ರೈಲಿನ ಎರಡು ಡಬ್ಬಿ ಕಿತ್ತರು. ಆಮೇಲೆ ರೈಲನ್ನೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ದಿನವೂ ಅದೇ ರೈಲಿನಲ್ಲಿ ಧಾರವಾಡದ ಕೋರ್ಟಿಗೆ ಹೋಗುತ್ತಿದ್ದ ವಕೀಲರ ಕಾರಕೂನರೊಬ್ಬರು ಇದ್ದರು. ಎಲ್ಲರೂ ಅವರನ್ನು ರಾಯರು ಅನ್ನುತ್ತಿದ್ದರು. ಅವರು ಒಂದು ಪ್ರವಾಸಿಗರ ಮಂಡಳಿ ಕಟ್ಟಿದರು. ಮಂಡಳಿ ಅಂದರೆ ಏನು, ಸ್ಟೇಶನ್ನಿನ ಬೇವಿನ ಮರದ ಕೆಳಗೆ ನಿಂತ ಹತ್ತು ಹದಿನೈದು ಜನ. ನನ್ನ ಅಕ್ಷರ ದುಂಡಗಿದೆಯೆಂದು ಅರ್ಜಿ ಬರೆಯುವ ಕೆಲಸ ನನಗೆ ಬಂತು. ರೈಲು ನಿಲ್ಲಿಸಬೇಡಿ, ಕಿತ್ತ ಡಬ್ಬಿ ಜೋಡಿಸಿ, ಹೆಂಗಸರು ನಿಂತು ನಿಂತು ಸಾಯುತ್ತಿದ್ದಾರೆ ಎಂದು ಮೂರು ಹಾಳೆ ಬರೆದೆ. "ಸಾಯುತ್ತಿದ್ದಾರೆ" ಎಂಬುದನ್ನು ರಾಯರು ಹೊಡೆದು "ಕಿಂಚಿತ್ ತೊಂದರೆ ಪಡುತ್ತಿದ್ದಾರೆ" ಎಂದು ತಿದ್ದಿ, ಕೂತು ಇಂಗ್ಲಿಷಿಗೆ ಇಳಿಸಿದರು. ಕಾಯಿಪಲ್ಲೆಯವರೆಲ್ಲ ಹೆಬ್ಬೆಟ್ಟು ಒತ್ತಿದರು.

ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ದೊಡ್ಡ ಸಾಹೇಬರೊಬ್ಬರು ಇಂಥ ದಿನ ಬರುತ್ತಾರೆ, ನಿಮ್ಮ ರೈಲಿನಲ್ಲಿ ಮೂರನೇ ದರ್ಜೆಯಲ್ಲೇ ಕೂತು ಧಾರವಾಡದವರೆಗೆ ಹೋಗಿ ಕಣ್ಣಾರೆ ನೋಡುತ್ತಾರೆ ಎಂದು. ನಮ್ಮ ಹಿಗ್ಗು ಕೇಳಬೇಡಿ. ರಾಯರು ಕೋಟನ್ನು ಇಸ್ತ್ರಿಗೆ ಕೊಟ್ಟರು.

ಬೇವಿನ ಮರದ ಕೆಳಗೆ ಮತ್ತೆ ಸಭೆ ಸೇರಿತು. ಆಗ ಎದ್ದದ್ದು ಒಂದೇ ಚಿಂತೆ. ಸಾಹೇಬರು ಎಲ್ಲಿ ಕೂರಬೇಕು? ಅಷ್ಟು ದೂರದಿಂದ ಬಂದ ಮನುಷ್ಯನನ್ನು ಹಾಲಿನ ಕೊಡಗಳ ನಡುವೆ ನಿಲ್ಲಿಸುವುದೇ? ಅವರ ಪಾಟಲೋನಿನ ಮೇಲೆ ಯಾರಾದರೂ ಎಲೆಯಡಿಕೆ ಉಗುಳಿದರೆ ಊರ ಮರ್ಯಾದೆಯ ಗತಿ ಏನು? ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಯಿ ಬಿಟ್ಟವಳು ನಾನು.

"ಮನಿಗೆ ಬೀಗರು ಬಂದ್ರ ಏನ ಮಾಡ್ತೇವ್ರಿ ಕಾಕಾ? ಮನಿ ಮಂದಿ ಹಿತ್ತಲದಾಗ ಸರದು ಪಡಸಾಲಿ ಬಿಟ್ಟು ಕೊಡ್ತೇವಿಲ್ಲೋ? ಅದೊಂದು ದಿನಾ ಬ್ಯಾರೆ ಹಾದಿ ಹಿಡೀಲಿ ಎಲ್ಲಾರೂ."

"ಎಷ್ಟು ಛಲೋ ಮಾತಾಡಿದಿ ತಂಗಿ! ಇದಕ್ಕ ಅಂತಾರ ಸಂಸ್ಕಾರ" ಎಂದು ರಾಯರು ನನ್ನ ಬೆನ್ನು ಚಪ್ಪರಿಸಿದರು.

ನನ್ನ ಗೆಳತಿ ಮಾತ್ರ ಹುಬ್ಬು ಗಂಟಿಕ್ಕಿದಳು. "ಮಂದೀನ ಇಲ್ಲಂದ್ರ ಅಂವಾ ಏನ ನೋಡಾಂವ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಹೊಗಳಿಕೆಯಲ್ಲಿ ಮುಳುಗಿದ್ದೆ. "ನಿನಗ ತಿಳಿಯೂದಿಲ್ಲ ಸುಮ್ಮಿರು" ಅಂದೆ. ಲೆಕ್ಕದಲ್ಲಿ ಅವಳ ಮುಂದೆ ಸೋಲುತ್ತಿದ್ದವಳಿಗೆ ಆ ದಿನ ಗೆದ್ದ ಹಾಗಿತ್ತು.

ಅಂದುಕೊಂಡಂತೆಯೇ ಆಯಿತು. ಹಾಲಿನವರು ಚಕ್ಕಡಿ ಹೂಡಿದರು. ಕಾಯಿಪಲ್ಲೆಯ ಮುದುಕಿಯರು ಬುಟ್ಟಿ ಹೊತ್ತು ನಸುಕಿನಲ್ಲೇ ಧಾರವಾಡದ ರಸ್ತೆ ಹಿಡಿದರು. ಕಚೇರಿಯ ಮಂದಿ ಅರ್ಧಕ್ಕರ್ಧ ರಜೆ ಹಾಕಿದರು. ಯಾರೂ ಗೊಣಗಲಿಲ್ಲ. ಉಳಿದವರು ಒಗೆದ ಧೋತರ ಉಟ್ಟು, ಬೆಂಚಿಗೆ ಇಬ್ಬಿಬ್ಬರಂತೆ ಕೈಕಟ್ಟಿ ಕೂತರು. ಡಬ್ಬಿಯನ್ನು ನಮ್ಮವರೇ ನೀರು ಹಾಕಿ ತೊಳೆದಿದ್ದರು.

ಸಾಹೇಬರು ಬಂದರು, ಮಾಲೆ ಹಾಕಿಸಿಕೊಂಡರು, ಪೇಢೆ ತಿಂದರು. ಕಿಟಕಿಯ ಪಕ್ಕ ಕಾಲು ಚಾಚಿ ಕೂತರು. ಒಂದೊಂದು ಸ್ಟೇಶನ್ನಿನಲ್ಲೂ ಇಳಿದು ಡಬ್ಬಿಗಳಲ್ಲಿ ಇಣುಕಿ, ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಳ್ಳುತ್ತಿದ್ದರು. ಅಮರಗೋಳದಲ್ಲಿ ರಾಯರ ಜೊತೆ ಹೆಂಗಸರ ಡಬ್ಬಿಯ ಬಾಗಿಲಿಗೂ ಬಂದರು. ಒಳಗೆ ನಾವು ಐದು ಜನ ಇದ್ದೆವು. ಅವರು ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಏನಾರ ತ್ರಾಸ ಅದ ಏನವಾ ಅಂತ ಕೇಳ್ಲಿಕ್ಕತ್ತಾರ" ಎಂದು ರಾಯರು ತಿಳಿಸಿದರು.

ಗೆಳತಿ ಎದ್ದು ನಿಂತಳು. ಓಢಣಿಯನ್ನು ಹಣೆಯ ಮೇಲೆ ಸರಿಮಾಡಿಕೊಂಡು, "ದಿನಾ ಹಿಂಗ ಇರೂದಿಲ್ರಿ ಸಾಹೇಬರ. ದಿನಾ ನಾವು..." ಅಂದಳು.

ನಾನು ಅವಳ ಓಢಣಿಯ ತುದಿ ಹಿಡಿದು ಜಗ್ಗಿದೆ. "ಕುಂದರಽ! ಬಂದವರ ಮುಂದ ಮನಿ ಗೋಳು ತೋಡಕೋತಾರೇನು?"

ಅವಳು ನನ್ನನ್ನು ಒಮ್ಮೆ ನೋಡಿ ಕೂತುಬಿಟ್ಟಳು. ಸಾಹೇಬರು ರಾಯರ ಕಡೆ ತಿರುಗಿದರು. ರಾಯರು ಎರಡೂ ಕೈ ಜೋಡಿಸಿ, ತಮ್ಮ ಕೃಪೆಯಿಂದ ಎಲ್ಲ ಸುಖವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅರ್ಜಿಯಲ್ಲಿ ಎಲ್ಲ ಬರೆದಿದೆಯಲ್ಲ, ಎದುರಿಗೆ ಬಂದಾಗ ಮತ್ತೆ ಯಾಕೆ ಕೊರೆಯುವುದು ಎಂಬ ಸೌಜನ್ಯ ಅವರದು. ಸಾಹೇಬರು ಅದನ್ನೂ ಬರೆದುಕೊಂಡರು.

ಒಂದು ತಿಂಗಳಿಗೆ ಸ್ಟೇಶನ್ನಿನ ಗೋಡೆಗೆ ಕಾಗದ ಹಚ್ಚಿದರು. ಜನಸಂಚಾರ ಕಡಿಮೆ ಇರುವುದನ್ನು ಪ್ರತ್ಯಕ್ಷ ಪರಿಶೀಲಿಸಲಾಗಿ, ಮುಂಜಾನೆಯ ರೈಲನ್ನು ರದ್ದು ಮಾಡಲಾಗಿದೆ. ಹೆಬ್ಬೆಟ್ಟು ಒತ್ತಿದ್ದವರು ಓದಿಸಿಕೊಂಡು ಕೇಳಿದರು, ಕೇಳಿ ಬುಟ್ಟಿ ಹೊತ್ತು ನಡೆದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ರಾಯರು ಇನ್ನೆರಡು ಅರ್ಜಿ ಕಳಿಸಿದರು. ಅವಕ್ಕೆ ಉತ್ತರವೇ ಬರಲಿಲ್ಲ.

ಮುಂದಿನ ರೈಲು ಧಾರವಾಡ ಮುಟ್ಟುವಷ್ಟರಲ್ಲಿ ಕಾಲೇಜಿನ ಅರ್ಧ ದಿನ ಮುಗಿದಿರುತ್ತಿತ್ತು. ಕೊನೆಯ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ನನಗೇನು, ಧಾರವಾಡದಲ್ಲಿ ಸೋದರಮಾವನ ಮನೆ ಇತ್ತು. ಟ್ರಂಕು ಕಟ್ಟಿದೆ. ಹೊರಡುವ ಹಿಂದಿನ ದಿನ ಅವಳ ಅಪ್ಪ ನಮ್ಮ ಅಂಗಡಿಯ ಕಟ್ಟೆಯವರೆಗೆ ಬಂದು, ಒಳಗೆ ಬರದೆ ನಿಂತೇ ಮಾತಾಡಿದರು.

"ತಂಗಿ, ನಾಲ್ಕ ತಿಂಗಳದ ಮಾತು. ನಿಮ್ಮ ಮಾವಾರ ಮನ್ಯಾಗ ಒಂದು ಮೂಲಿ ಸಿಗತೈತೇನು ಕೇಳ್ತಿ? ಊಟದ ಜ್ವಾಕಿ ನಾ ಮಾಡ್ತೇನಿ. ನಿನ್ನ ಕೂಡ ಇದ್ಲಂದ್ರ ನನಗ ಅಂಜಿಕಿಲ್ಲ."

"ಕೇಳ್ತೇನ್ರಿ ಚಾಚಾ" ಅಂದೆ.

ಮಾವನ ಮನೆ ಲಿಂಗಪೂಜೆಯ ಮನೆ, ಬಲು ಮಡಿವಂತಿಕೆ. ಕೇಳಿದರೆ ಏನನ್ನುತ್ತಾರೋ ಎಂದು ಮೊದಲ ದಿನ ಸುಮ್ಮನಿದ್ದೆ. ಎರಡನೆಯ ದಿನ ಮಾವನ ಮುಖ ಬಿಗಿದಿತ್ತು. ಮೂರನೆಯ ದಿನ ಅತ್ತೆ ಹೋಳಿಗೆ ಮಾಡಿದ್ದರು, ಮನೆಯವರೆಲ್ಲ ನಗುತ್ತಿದ್ದರು. ಅಂದು ಕೇಳಬಹುದಿತ್ತು. ಆ ನಗುವನ್ನು ಕೆಡಿಸಲು ನನಗೆ ಧೈರ್ಯ ಬರಲಿಲ್ಲ. ಅಷ್ಟೇ ಕಾರಣ, ಬೇರೆ ದೊಡ್ಡ ಕಾರಣವಿಲ್ಲ. ಹೆಂಗಸರೆಲ್ಲರ ಪರವಾಗಿ ಮೂರು ಹಾಳೆ ತುಂಬಿಸಿದವಳು ಒಬ್ಬಳಿಗಾಗಿ ಬಾಯಿ ಬಿಡಲಿಲ್ಲ. ಆದಿತ್ಯವಾರ ಹುಬ್ಬಳ್ಳಿಗೆ ಬಂದಾಗ ಚಾಚಾ ಮತ್ತೆ ಕಟ್ಟೆಯ ಬಳಿ ನಿಂತಿದ್ದರು.

"ಕೇಳಿದೆರಿ. ಜಾಗಾ ಇಲ್ಲಂತರಿ" ಅಂದೆ.

ಅವರು "ಆತು ಬಿಡವಾ" ಎಂದು ಹೋದರು.

ಪರೀಕ್ಷೆಯಲ್ಲಿ ಆ ವರ್ಷ ಲೆಕ್ಕಕ್ಕೆ ನಾನೇ ಮೊದಲಿಗಳು. ಅವಳಿಗೆ ಮಳೆಗಾಲಕ್ಕೆ ಮುಂಚೆ ವಿಜಾಪುರದ ಕಡೆ ಮದುವೆಯಾಯಿತು.

ಯುದ್ಧ ಮುಗಿದ ಮೇಲೆ ಮುಂಜಾನೆಯ ರೈಲು ಮರಳಿ ಬಂತು. ನಮ್ಮ ಅರ್ಜಿಗಾಗಿ ಅಲ್ಲ, ಕಲ್ಲಿದ್ದಲು ಸಿಕ್ಕಿತು, ಬಿಟ್ಟರು. ಅಷ್ಟರಲ್ಲಿ ನನಗೆ ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಆಗಿತ್ತು. ಮೊದಲ ದಿನ ರೈಲು ಹತ್ತಲು ಹೋದರೆ ಪ್ಲಾಟ್‌ಫಾರ್ಮಿನ ಮೇಲೆ ಚಾಚಾ, ವರ್ಕ್‌ಶಾಪಿಗೆ ಹೋಗುವ ಎಣ್ಣೆ ಮೆತ್ತಿದ ಅಂಗಿಯಲ್ಲಿ. ನನ್ನನ್ನು ನೋಡಿ ಮುಖ ಅರಳಿತು. ಮಗಳಿಗೆ ಎರಡು ಕೂಸು ಎಂದರು. ಓದು ಬರಹ ಏನಾದರೂ ಇಟ್ಟುಕೊಂಡಿದ್ದಾಳೆಯೇ ಎಂದು ಕೇಳಿದೆ. ಆ ಮನೆಯಲ್ಲಿ ಕಾಗದ ಪೆನ್ಸಿಲು ನಡೆಯುವುದಿಲ್ಲ ಎಂದರು.

ರೈಲು ಸೀಟಿ ಹೊಡೆಯಿತು. ಅವರೇ ಹೆಂಗಸರ ಡಬ್ಬಿಯ ಬಾಗಿಲು ತೆಗೆದು ನನ್ನನ್ನು ಹತ್ತಿಸಿ, ಹೊರಗಿನಿಂದ ಚಿಲಕ ಹಾಕಿದರು.

"ನಮ್ಮ ಹುಡುಗಿ ಸಲುವಾಗಿ ನೀ ಎಷ್ಟ ಬಡದಾಡಿದಿ ತಂಗಿ" ಎಂದರು ಕಿಟಕಿಯ ಹತ್ತಿರ ಬಂದು. "ಅರ್ಜಿ ಬರದಿ. ಮಾವಾರ ಮನ್ಯಾಗೂ ಹೋಗಿ ಕೇಳಿದಿ. ಇನ್ನೊಬ್ರು ಅಷ್ಟೂ ಕೇಳತಿದ್ದಿಲ್ಲ. ಅಕಿ ಇನ್ನೂ ನೆನಸ್ತಾಳ ನಿನ್ನ."

ನಾನು ಹೌದೆಂಬಂತೆ ತಲೆಯಾಡಿಸಿದೆ. ರೈಲು ಹೊರಟಿತು.