ಅತ್ತೆ ನಮ್ಮ ಮೀನುಗಳನ್ನು ಕಡಿಮೆ ಮಾಡಿದ್ದು

ನನ್ನ ಗಂಡನಿಗೆ ಕಡೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ಅವರು ತರೀಕೆರೆಯಿಂದ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕ್ ತಂದು ನಡುಮನೆಯಲ್ಲಿಟ್ಟರು. ಜೊತೆಗೆ ಒಂಬತ್ತು ಮೀನು: ನಾಲ್ಕು ಆಸ್ಕರ್, ಅಂಗಡಿಯವರು ಶಾರ್ಕ್ ಅಂತ ಕರೆಯುವ ಎರಡು ಬೂದು ಮೀನು, ಪಾಚಿ ನೆಕ್ಕುವ ಎರಡು ಸಕ್ಕರ್, ಒಂದು ಗೌರಾಮಿ. ಎಲ್ಲವೂ ಹೆಬ್ಬೆರಳಿನಷ್ಟಿದ್ದವು.

"ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೀತವೆ ಸಾರ್, ಹೆದರ್ಕೋಬೇಡಿ" ಅಂದಿದ್ದನಂತೆ ಅಂಗಡಿಯವನು. ನಾವು ನಂಬಿದೆವು.

ವರ್ಷ ಕಳೆಯುವಷ್ಟರಲ್ಲಿ ಒಂದೊಂದೂ ಅಂಗೈ ಮೀರಿ ಬೆಳೆದಿತ್ತು. ನೀರು ಎರಡೇ ದಿನಕ್ಕೆ ಗಂಜಿಯ ಹಾಗೆ ಆಗುತ್ತಿತ್ತು. ಆಸ್ಕರ್‌ಗಳು ಒಂದನ್ನೊಂದು ಕಚ್ಚಿ ರೆಕ್ಕೆ ಹರಿದುಕೊಂಡಿದ್ದವು. ನಾನು ಬಕೆಟ್ಟುಗಟ್ಟಲೆ ನೀರು ಬದಲಿಸಿ ಸೊಂಟ ನೋಯಿಸಿಕೊಳ್ಳುತ್ತಿದ್ದೆನೇ ಹೊರತು, ಲೆಕ್ಕದ ಟೀಚರಾಗಿ ಒಂದು ದಿನವೂ ಆ ಟ್ಯಾಂಕಿನ ಲೆಕ್ಕ ಹಾಕಿರಲಿಲ್ಲ.

ಆಗ ಹಿರೇನಲ್ಲೂರಿನಿಂದ ಅತ್ತೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಒಲೆ ಮುಂದೆ ಕೂರುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಟಿವಿ ನೋಡುವ ಹಾಗಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಅವರಿಗೂ ನನಗೂ ಆಗ ಅಷ್ಟಕ್ಕಷ್ಟೆ. ಯಾವುದಕ್ಕೆ ಏನು ತಪ್ಪು ಹುಡುಕುತ್ತಾರೋ ಅಂತ ನಾನು ದೂರವೇ ಓಡಾಡುತ್ತಿದ್ದೆ.

ನಾಲ್ಕನೇ ದಿನ ಕರೆದರು. "ಇಲ್ಲಿ ಬಾರಮ್ಮ. ಈ ಗೌರಾಮಿ ಇನ್ನೂ ಎಷ್ಟು ದೊಡ್ಡದಾಗುತ್ತೆ?"

ಮೊಬೈಲಿನಲ್ಲಿ ನೋಡಿ ಹೇಳಿದೆ. "ಎರಡಡಿ ಆಗುತ್ತಂತೆ ಅತ್ತೆ."

ಅವರು ಟ್ಯಾಂಕಿನ ಅಗಲಕ್ಕೆ ಕೈ ಹಚ್ಚಿ ಅಳೆದರು. ಎರಡು ಗೇಣು, ಅಂದರೆ ಒಂದೂವರೆ ಅಡಿ. "ಹಂಗಾದ್ರೆ ಇದು ತಿರುಗೋದು ಹೆಂಗೆ? ಮೈ ಮಡಚ್ಕೊಂಡೇ ಬದುಕ್ಬೇಕಾ?"

ಉಳಿದವುಗಳನ್ನೂ ಒಂದೊಂದಾಗಿ ಕೇಳಿದರು. ಆಸ್ಕರ್ ಒಂದಡಿ, ಸಕ್ಕರ್ ಅದಕ್ಕೂ ಹೆಚ್ಚು, ಶಾರ್ಕ್ ಮೂರಡಿ ದಾಟಬಹುದು. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣದಾಯಿತು.

ಸಂಜೆ ಮಗ ಅಂಗಡಿಯಿಂದ ಬಂದಾಗ ಅತ್ತೆ ಇದನ್ನೇ ಹೇಳಿದರು. ನನ್ನ ಗಂಡ ನಕ್ಕರು. "ಇನ್ನೊಂದು ಫಿಲ್ಟರ್ ಹಾಕ್ತೀನಿ ಬಿಡವ್ವ. ನೀರು ಕ್ಲೀನಾಗಿದ್ರೆ ಆಯ್ತು."

"ಲೇ, ನಾಲ್ಕು ದನದ ಕೊಟ್ಟಿಗೇಲಿ ಒಂಬತ್ತು ಕಟ್ಟಿದ್ರೆ, ಸಗಣಿ ಎಷ್ಟು ಬಾಚಿದ್ರೂ ಮುಗಿಯುತ್ತೇನೋ? ಅವು ತಿಂದಿದ್ದೆಲ್ಲ ಅದೇ ನೀರಿಗೆ ತಾನೇ ಹೋಗೋದು."

ಆದರೂ ಇವರು ಎರಡನೇ ಫಿಲ್ಟರ್ ಕೂರಿಸಿದರು. ಎರಡು ದಿನ ನೀರು ನೋಡಲು ತಿಳಿಯಾಯಿತು, ಕರಗಿದ ಕೊಳಕು ಮಾತ್ರ ಅದರಲ್ಲೇ ಉಳಿದಿತ್ತು. ಮೂರನೇ ಬೆಳಿಗ್ಗೆ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಶಾರ್ಕ್ ಸತ್ತು ತೇಲುತ್ತಿತ್ತು. ನಾನು ಹೇಳಿರಲಿಲ್ಲವಾ ಅನ್ನುವ ಮಾತು ಅತ್ತೆಯ ಬಾಯಿಂದ ಬರಲಿಲ್ಲ. ಬಕೆಟ್ ತರಲು ಹೇಳಿ, ಅರ್ಧ ನೀರು ಬದಲಿಸುವವರೆಗೂ ಪಕ್ಕದಲ್ಲೇ ನಿಂತರು. ಅವತ್ತಿನಿಂದ ನಾನು ಅವರನ್ನು ಬೇರೆ ರೀತಿ ನೋಡತೊಡಗಿದೆ.

ಹೆಚ್ಚಾದ ಮೀನನ್ನು ಕೆರೆಗೆ ಬಿಟ್ಟುಬಿಡೋಣ ಅಂದರು ನನ್ನ ಗಂಡ.

"ಬೇಡ," ಅಂದರು ಅತ್ತೆ. "ಎಲ್ಲಿಯ ಮೀನೋ ಏನೋ. ನಮ್ಮ ಕೆರೆ ಮೀನನ್ನೆಲ್ಲ ನುಂಗಿ ಹಾಕಿದ್ರೆ? ತಂದೋರು ನಾವು, ಜಾಗ ಹುಡುಕ್ಬೇಕಾದೋರೂ ನಾವೇ."

ಮುಂದಿನ ಭಾನುವಾರ ಎರಡು ಆಸ್ಕರ್, ಒಂದು ಸಕ್ಕರ್ ಹಿಡಿದು ಮುಚ್ಚಳವಿದ್ದ ಬೇರೆ ಬೇರೆ ಬಕೆಟ್ಟಿಗೆ ಹಾಕಿಕೊಂಡು ನಾವು ಮೂವರೂ ತರೀಕೆರೆಗೆ ಹೋದೆವು. ಅತ್ತೆ ಕಪ್ಪು ಕನ್ನಡಕದಲ್ಲೇ ಅಂಗಡಿಯ ಸ್ಟೂಲಿನ ಮೇಲೆ ಕೂತರು. ಜಗಳಕ್ಕೆ ಬಂದವರ ಹಾಗಿರಲಿಲ್ಲ.

"ಏನಪ್ಪಾ, ಮರಿ ತೋರಿಸಿ ಮಾರ್ತೀಯ. ದೊಡ್ಡದಾದ್ರೆ ಎಷ್ಟಾಗುತ್ತೆ ಅಂತ ಯಾಕೆ ಹೇಳಲ್ಲ?"

ಅವನು ತಲೆ ಕೆರೆದುಕೊಂಡ. "ಹೇಳಿದ್ರೆ ಯಾರೂ ತಗೊಳಲ್ಲ ಅಜ್ಜಿ."

"ಒಂಬತ್ತು ತಗೊಳೋರು ಎರಡು ತಗೋತಾರೆ. ಎರಡೂ ಬದುಕಿದ್ರೆ ಅದರ ತಿಂಡಿಗೆ ವರ್ಷಾನುಗಟ್ಟಲೆ ನಿನ್ನ ಹತ್ರಾನೇ ಬತ್ತಾರೆ. ಸತ್ತೋದ್ರೆ ಈ ಕಡೆ ತಲೆ ಹಾಕಲ್ಲ."

ಅವನು ಬಕೆಟ್ಟುಗಳನ್ನು ಒಳಗೆ ತೆಗೆದುಕೊಂಡ. ಖಾಲಿಯಿದ್ದ ದೊಡ್ಡ ಟ್ಯಾಂಕ್ ತೋರಿಸಿ, ಜಾಗ ಇರುವವರಿಗೇ ಕೊಡುತ್ತೇನೆ ಅಂದ. ನಾನು ಇಪ್ಪತ್ತು ವರ್ಷ ಪಾಠ ಹೇಳಿದವಳು. ಎದುರಿನವನಿಗೆ ಅವಮಾನವಾಗದ ಹಾಗೆ ತಪ್ಪು ತೋರಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಗೌರಾಮಿ ಮತ್ತು ಉಳಿದ ಶಾರ್ಕ್ ಅಜ್ಜಂಪುರದ ಹತ್ತಿರ ಅತ್ತೆಯ ತಮ್ಮನ ತೆಂಗಿನ ತೋಟಕ್ಕೆ ಹೋದವು. ಅಲ್ಲಿ ಬೋರ್ ನೀರು ತುಂಬಿಸಿಡುವ ದೊಡ್ಡ ಸಿಮೆಂಟ್ ತೊಟ್ಟಿಯಿದೆ, ಹಳ್ಳಕೊಳ್ಳಕ್ಕೆ ಸೇರುವ ದಾರಿಯಿಲ್ಲ. ನೀರಿಗೆ ಬಿಟ್ಟ ತಕ್ಷಣ ಗೌರಾಮಿ ಒಂದು ನಿಮಿಷ ಅಲ್ಲಾಡದೆ ನಿಂತಿತ್ತು. ಆಮೇಲೆ ತೊಟ್ಟಿಯ ಉದ್ದಕ್ಕೂ ಒಂದೇ ಸಮ ಹೋಗಿ, ಸಲೀಸಾಗಿ ತಿರುಗಿ ಬಂತು. ಅತ್ತೆ ಕನ್ನಡಕ ತೆಗೆದು ನೋಡಿದರು. ಹಾಕಿಕೊಳ್ಳಿ ಅಂತ ನಾನು ಹೇಳಲಿಲ್ಲ.

ನಮ್ಮ ಟ್ಯಾಂಕಿನಲ್ಲಿ ಎರಡು ಆಸ್ಕರ್, ಒಂದು ಸಕ್ಕರ್ ಉಳಿದವು. ಮೊದಲ ವಾರ ಮನೆಯೇ ಬಿಕೋ ಅನ್ನಿಸಿತು. ತಿಂಗಳಲ್ಲಿ ಹರಿದ ರೆಕ್ಕೆ ಕೂಡಿಕೊಂಡಿತು, ಮೈಮೇಲಿನ ಕೆಂಪು ಕೆಂಡದ ಹಾಗೆ ಎದ್ದಿತು. ಈಗ ನೀರು ಬದಲಿಸುವುದು ವಾರಕ್ಕೊಮ್ಮೆ, ಅದೂ ಕಾಲುಭಾಗ.

ಅತ್ತೆ ಊರಿಗೆ ಹೋಗಿ ನಾಲ್ಕು ತಿಂಗಳ ಮೇಲೆ ಆಸ್ಕರ್‌ಗಳು ಚಪ್ಪಟೆ ಕಲ್ಲಿನ ಮೇಲೆ ನೂರಾರು ಮೊಟ್ಟೆ ಇಟ್ಟವು. ನಾನು ಸಂಭ್ರಮದಿಂದ ಅತ್ತೆಗೆ ಫೋನ್ ಮಾಡಿದೆ.

"ಅಷ್ಟೂ ಮರಿಯಾದ್ರೆ ಎಲ್ಲಿಡ್ತೀಯ ಕಣಮ್ಮ?" ಅಂದರು. ದನಿಯಲ್ಲಿ ನಿಜವಾದ ಗಾಬರಿಯಿತ್ತು.

ಮೂರು ದಿನಕ್ಕೆ ಮೊಟ್ಟೆಗಳೆಲ್ಲ ಕೆಟ್ಟು ಬೆಳ್ಳಗಾದವು, ಮೀನುಗಳೇ ತಿಂದುಕೊಂಡವು. ಎರಡೂ ಹೆಣ್ಣಿರಬೇಕು, ಅದಕ್ಕೇ ಮರಿಯಾಗಲಿಲ್ಲ ಅಂದ ತರೀಕೆರೆಯ ಅಂಗಡಿಯವನು. ಅದನ್ನೂ ಫೋನಿನಲ್ಲಿ ಹೇಳಿದೆ. ಅತ್ತೆ ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.