ಹಸಿರು ದೀಪದ ಸಾಕ್ಷಿ

ನಮ್ಮ ಆಸ್ಪತ್ರೆಯಲ್ಲಿ ನನ್ನ ಭಾವನಿಗೆ ಕತ್ತಲೆ ಮೇಸ್ತ್ರಿ ಎಂದೇ ಹೆಸರು. ಎಲೆಕ್ಟ್ರಿಷಿಯನ್ ಎಂದರೆ ದೀಪ ಹೊತ್ತಿಸುವವರು ತಾನೇ? ಇವರು ಇಪ್ಪತ್ತೆರಡು ವರ್ಷ ದೀಪ ಆರಿಸಿಕೊಂಡೇ ಬಂದರು. ತಿಂಗಳಿಗೊಂದು ಮಹಡಿಯ ಕರೆಂಟು ತೆಗೆದು, ಹಿಂದಿನ ಮೆಟ್ಟಿಲ ಮೇಲೆ ಕೂತು, ಎಮರ್ಜೆನ್ಸಿ ಲೈಟುಗಳು ಎಷ್ಟು ಹೊತ್ತು ಉರಿಯುತ್ತವೆ ಎಂದು ವಾಚು ನೋಡುವುದು ಅವರ ಕೆಲಸ. ಮೂರು ಗಂಟೆ ಉರಿದರೆ ಸರಿ, ಅದಕ್ಕೂ ಮುಂಚೆ ಆರಿದರೆ ಬ್ಯಾಟರಿ ಬದಲಾಯಿಸಬೇಕು. ಆ ಮೆಟ್ಟಿಲಿಗೆ ಒಂದೂ ಕಿಟಕಿಯಿಲ್ಲ. ಲೈಟು ಹೋದರೆ ನಡುಹಗಲಲ್ಲೂ ನಮ್ಮ ಕೈ ನಮಗೇ ಕಾಣುವುದಿಲ್ಲ.

ಅವರ ಹೆಂಡತಿ, ಎಂದರೆ ನನ್ನ ಅಕ್ಕ, ಮೂರನೇ ಮಹಡಿಯಲ್ಲಿ ಆಯಾ. ದಿನಕ್ಕೆ ಮೂವತ್ತು ಸಲ ಆ ಮೆಟ್ಟಿಲು ಹತ್ತಿ ಇಳಿಯುವವಳು. "ನಿಮ್ಮ ಯಜಮಾನ್ರು ಬಂದ್ರೆ ಸಾಕು, ಕತ್ತಲೆ" ಎಂದು ನರ್ಸುಗಳು ರೇಗಿಸಿದರೆ, "ನಂಗೆ ಮದುವೆಯಾದ ದಿನದಿಂದ ಅಭ್ಯಾಸ ಬಿಡ್ರಮ್ಮ" ಎನ್ನುತ್ತಿದ್ದಳು.

ನಾನು ಅಲ್ಲೇ ಉಗ್ರಾಣದ ಗುಮಾಸ್ತ. ಈ ಕಥೆಯಲ್ಲಿ ಮೊದಲ ತಪ್ಪು ನನ್ನದು. ಮುಚ್ಚಿಟ್ಟು ಏನು ಮಾಡಲಿ?

ಎರಡು ವರ್ಷದ ಹಿಂದೆ ಒಂದು ಕಂಪನಿ ಹೊಸ ವ್ಯವಸ್ಥೆ ತಂದಿತು. ಪ್ರತಿ ಎಮರ್ಜೆನ್ಸಿ ಲೈಟಿಗೂ ತಂತಿ ಎಳೆದು ಒಂದು ಪ್ಯಾನೆಲ್ಲಿಗೆ ಜೋಡಿಸುತ್ತಾರೆ. ಪ್ಯಾನೆಲ್ಲು ದಿನಾ ತಾನೇ ಪರೀಕ್ಷೆ ಮಾಡಿ, ಸರಿಯಿದ್ದರೆ ಹಸಿರು, ಕೆಟ್ಟರೆ ಕೆಂಪು ತೋರಿಸುತ್ತದೆ. ಇಂಥದ್ದನ್ನು ತರಿಸಬೇಕಾದರೆ ಮೂರು ಕಡೆಯ ಮಾಹಿತಿ ಫೈಲಿನಲ್ಲಿರಬೇಕು ಎಂಬುದು ನಮ್ಮಲ್ಲಿನ ನಿಯಮ. ನಾನು ಮೂರು ಸೇರಿಸಿದೆ. ಕಂಪನಿಯ ಪುಸ್ತಿಕೆ, ಪತ್ರಿಕೆಯೊಂದರ ಲೇಖನ, ತಜ್ಞರೊಬ್ಬರ ವರದಿ. ಕೈಯಿಂದ ಮಾಡುವ ಪರೀಕ್ಷೆ ಹಳೇ ಕಾಲದ್ದು, ಅದನ್ನು ನಂಬುವಂತಿಲ್ಲ ಎಂದು ಮೂರೂ ಒಂದೇ ದನಿಯಲ್ಲಿ ಹೇಳುತ್ತಿದ್ದವು. ಮೂವರೂ ಒಪ್ಪಿದ್ದಾರಲ್ಲ ಎಂದು ನಾನು ನಿಶ್ಚಿಂತೆಯಿಂದ ಫೈಲು ಮೇಲಕ್ಕೆ ಕಳಿಸಿದೆ.

ಪ್ಯಾನೆಲ್ಲು ಗೋಡೆಗೇರಿತು, ಭಾವನ ಪರೀಕ್ಷೆ ನಿಂತಿತು. ತಿಂಗಳಾದ ಮೇಲೆ ಭಾವ ಆ ಫೈಲು ತರಿಸಿಕೊಂಡು ನೋಡಿದರು. ಮೂರರಲ್ಲೂ ಯಾವುದೋ ಒಂದೇ ಮೆಟ್ಟಿಲ ಫೋಟೋ ಇತ್ತು. ವಿಚಾರಿಸಿದರೆ ಲೇಖನ ಬರೆದವನು ಕಂಪನಿಯ ಮಾರಾಟದ ಮ್ಯಾನೇಜರು, ತಜ್ಞನನ್ನು ನೇಮಿಸಿದ್ದೂ ಅದೇ ಕಂಪನಿ.

"ಒಬ್ನೇ ಮೂರು ಸಲ ಅಂಗಿ ಬದಲಾಯಿಸ್ಕೊಂಡು ಬಂದಿದಾನೆ ಕಣೋ. ನೀನು ಮೂರು ಜನ ಅಂತ ಎಣಿಸ್ಕೊಂಡೆ" ಎಂದರು. ಬೈದಿದ್ದರೆ ವಾಸಿಯಿತ್ತು.

ಪ್ಯಾನೆಲ್ಲು ದಿನಾ ಮಾಡುವ ಪರೀಕ್ಷೆ ಅರ್ಧ ನಿಮಿಷದ್ದು. ಅರ್ಧ ನಿಮಿಷ ಎಂಥ ಸತ್ತ ಬ್ಯಾಟರಿಯೂ ಉರಿಯುತ್ತದೆ ಎಂದು ಭಾವನಿಗೆ ಗೊತ್ತಿತ್ತು. ಅವರು ಯಾರಿಗೂ ಹೇಳದೆ ಮೂರನೇ ಮಹಡಿಯನ್ನು ತಮ್ಮ ಹಳೇ ರೀತಿಯಲ್ಲೇ ಪರೀಕ್ಷಿಸಿದರು. ಹದಿನೆಂಟು ನಿಮಿಷಕ್ಕೆ ಮೆಟ್ಟಿಲ ಲೈಟುಗಳು ಆರಿದವು. ಕೆಳಗೆ ಬಂದು ನೋಡಿದರೆ ಪ್ಯಾನೆಲ್ಲು ಹಸಿರಾಗೇ ಇತ್ತು.

ಅವರು ಬರೆದುಕೊಟ್ಟರು. ಆಡಳಿತಾಧಿಕಾರಿ ಆ ಕಾಗದವನ್ನು ಅಭಿಪ್ರಾಯಕ್ಕೆಂದು ಕಳಿಸಿದ್ದು ಎಲ್ಲಿಗೆ? ಅದೇ ಕಂಪನಿಗೆ. ಲೈಟುಗಳು ಸರಿಯಾಗಿವೆ, ತರಬೇತಿಯಿಲ್ಲದವರು ಕೈಯಾಡಿಸಿದರೆ ಬ್ಯಾಟರಿ ಹಾಳಾಗುತ್ತದೆ ಎಂದು ಉತ್ತರ ಬಂತು. ಭಾವನ ಕೈಯಿಂದ ಸ್ವಿಚ್ ರೂಮಿನ ಬೀಗದ ಕೈ ಇಸಿದುಕೊಂಡರು.

"ನಿಮ್ಮ ಅನುಭವದ ಮೇಲೆ ಗೌರವ ಇದೆ. ಆದ್ರೆ ಪುಸ್ತಕದಲ್ಲಿ ಹಾಗಿಲ್ವಲ್ಲ" ಎಂದರು ಆಡಳಿತಾಧಿಕಾರಿ.

"ಪುಸ್ತಕ ಬರೆದೋರು ಯಾರು ಸಾರ್?"

"ಅವ್ರೇ. ಅವ್ರಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಭಾವ ಮನೆಗೆ ಬಂದು ಅಕ್ಕನಿಗೆ, ಮೆಟ್ಟಿಲು ಇಳಿಯುವಾಗ ಟಾರ್ಚು ಇಟ್ಟುಕೋ ಎಂದರು.

"ಒಂದ್ ಕೈಲಿ ಬಕೀಟು, ಇನ್ನೊಂದ್ ಕೈಲಿ ಬಟ್ಟೆ. ಟಾರ್ಚ್ ಏನು ಬಾಯಲ್ಲಿ ಕಚ್ಕೊಳ್ಲಾ?" ಎಂದು ಅಕ್ಕ ನಕ್ಕಳು. ನಾನೂ ನಕ್ಕೆ, ನನ್ನ ಹಣೆಬರಹ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ ಕರೆಂಟು ಹೋಯಿತು. ಜನರೇಟರು ಏಳಲಿಲ್ಲ. ಎಮರ್ಜೆನ್ಸಿ ಲೈಟುಗಳು ಹೊತ್ತಿಕೊಂಡವು, ಇಪ್ಪತ್ತು ನಿಮಿಷದೊಳಗೆ ಆರಿಯೂ ಹೋದವು. ಅಕ್ಕ ಆಗ ಹಾಸಿಗೆ ಬಟ್ಟೆಗಳ ಗಂಟು ಹೊತ್ತು ಮೆಟ್ಟಿಲ ನಡುವೆ ಇದ್ದಳು. ಹತ್ತು ಮೆಟ್ಟಿಲು ಉರುಳಿದಳು, ತೊಡೆಯ ಮೂಳೆ ಮುರಿಯಿತು. ಭಾವ ಅವಳ ನರಳಾಟ ಕೇಳಿ, ಗೋಡೆ ತಡವಿಕೊಂಡು ಹತ್ತಿ ಹೋದರು. ಉಳಿದವರು ಬರುವಷ್ಟರಲ್ಲಿ ಕರೆಂಟು ಬಂದಿತ್ತು.

ವಿಚಾರಣೆಯಾಯಿತು. ಪ್ಯಾನೆಲ್ಲಿನ ದಾಖಲೆಯನ್ನು ಕಂಪನಿಯವನೇ ತೆಗೆದು, ಅವನೇ ಅರ್ಥ ಬಿಡಿಸಿ ಹೇಳಿದ. ಹನ್ನೊಂದು ನಾಲ್ಕಕ್ಕೆ ಲೈಟು ಹೊತ್ತಿತು, ದೋಷ ದಾಖಲಾಗಿಲ್ಲ. ಹೊತ್ತಿದ ಮೇಲೆ ಆರಿತೇ ಎಂದು ಆ ಯಂತ್ರ ನೋಡುವುದೇ ಇಲ್ಲ ಎಂದು ಭಾವ ಹೇಳಿದರು. ಅಲ್ಲಿ ಕತ್ತಲಿತ್ತು, ನಾನೇ ಕಂಡಿದ್ದೇನೆ ಎಂದರು.

"ಗಂಡ ಹೆಂಡತಿ ಪರ ಮಾತಾಡೋದು ಸಹಜ" ಎಂದರು ಆಡಳಿತಾಧಿಕಾರಿ. ಕಂಪನಿ ತನ್ನ ಮಾಲಿನ ಪರ ಮಾತಾಡುವುದು ಅವರಿಗೆ ಸಹಜವೆನಿಸಲಿಲ್ಲ. ಬೆಳಕಿದ್ದ ಮೆಟ್ಟಿಲಲ್ಲಿ ಆಯಾ ತನ್ನ ಅಜಾಗ್ರತೆಯಿಂದ ಬಿದ್ದದ್ದು ಎಂದು ವರದಿಯಾಯಿತು. ಟೈಪು ಮಾಡಿದವನು ನಾನು. ಕಾಗುಣಿತದ ತಪ್ಪುಗಳನ್ನೂ ತಿದ್ದಿ ಸಹಿಗೆ ಇಟ್ಟೆ.

ಮೊನ್ನೆ ಅಕ್ಕನನ್ನು ನೋಡಲು ಹೋಗಿದ್ದೆ. ದಿಂಬಿಗೆ ಒರಗಿ ಆ ವರದಿಯನ್ನು ಇಟ್ಟುಕೊಂಡು ಕೂತಿದ್ದಳು.

"ಅಷ್ಟು ದೊಡ್ಡ ಮಷಿನ್ ಸುಳ್ಳು ಹೇಳುತ್ತೇನ್ರೀ? ಲೈಟ್ ಇತ್ತೇನೋ. ನಂಗೇ ಕಣ್ಣು ಕತ್ತಲೆ ಬಂದಿರ್ಬೇಕು" ಎಂದಳು ಭಾವನಿಗೆ.

"ಕತ್ತಲೇನೇ ಇತ್ತು ಕಣೆ. ನಾನೂ ಅಲ್ಲೇ ಇದ್ನಲ್ಲ."

"ನಿಮಗೂ ಗಾಬರಿ. ಹಾಗೇ ಅನ್ಸಿರುತ್ತೆ. ಇಬ್ರಿಗೂ ವಯಸ್ಸಾಯ್ತು, ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ."

ಭಾವ ಅವಳ ಕೈಯಿಂದ ವರದಿ ಇಸಿದುಕೊಂಡು, ಇನ್ನೊಮ್ಮೆ ಓದಿ ಮಡಿಸಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಕಣ್ಣಿನ ಡಾಕ್ಟ್ರ ಹತ್ರ ಸೋಮವಾರಕ್ಕೆ ಹೆಸರು ಬರೆಸು. ನಂದೂ ಸೇರಿಸು" ಎಂದರು.