ಹೆರಿಗೆ ಕೋಣೆಯ ಕಾವಲು

"ಏ ತಮ್ಮಾ, ನಿಂದ್ರು! ಗಂಡಸರು ಒಳಗ ಹೋಗಂಗಿಲ್ಲ."

ಹುಕ್ಕೇರಿ ಹತ್ತಿರದ ಹಳ್ಳಿಯೊಂದರ ಪಾಳುಬಿದ್ದ ಆಸ್ಪತ್ರೆ. ಕ್ಯಾಮೆರಾ ಹಿಡಿದು ಹೆರಿಗೆ ಕೋಣೆಯ ಹೊಸ್ತಿಲು ದಾಟುತ್ತಿದ್ದ ನಾನು ಬೆಚ್ಚಿಬಿದ್ದೆ. ತಡೆದಾಕೆ ಹಿಂದೆ ಅಲ್ಲೇ ಆಯಾ ಆಗಿದ್ದ ಮುದುಕಿ. ಕೈಯಲ್ಲಿ ಜೋಳದ ಅಂಬಲಿಯ ಬಟ್ಟಲು.

ಬಾಗಿಲಲ್ಲೇ ನಿಂತು ಇಣುಕಿದೆ. ಗಾರೆ ಉದುರಿದ ಕೋಣೆಯ ಒಂದು ಮೂಲೆಯನ್ನಷ್ಟೇ ಗುಡಿಸಿ, ಹಳೆಯ ಸೀರೆ ಹಾಸಲಾಗಿತ್ತು. ಅದರ ಮೇಲೆ ಬೀದಿನಾಯಿಯೊಂದು ಕಣ್ಣು ತೆರೆಯದ ಐದು ಮರಿಗಳಿಗೆ ಹಾಲೂಡಿಸುತ್ತಿತ್ತು. ನಾನು ಕ್ಯಾಮೆರಾ ಎತ್ತಿದೆ.

"ಫೋಟೋ ಬ್ಯಾಡೋ ಯಪ್ಪಾ. ಹಸಿ ಬಾಣಂತಿ ಅದಾಳ, ಕೂಸುಗೋಳಿಗೆ ನೆದರ ಆಕ್ಕೈತಿ, ಕೆಟ್ಟ ದೃಷ್ಟಿ ಬೀಳತೈತಿ" ಎಂದ ಮುದುಕಿ, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಹೋದಳು.

ಪಾಳುಬಿದ್ದ ಆಸ್ಪತ್ರೆಗಳ ನೂರಾರು ಫೋಟೋಗಳು ನನ್ನಲ್ಲಿವೆ. ಆ ಕೋಣೆಯದು ಮಾತ್ರ ಇಲ್ಲ. ಅದಿನ್ನೂ ಪಾಳುಬಿದ್ದಿಲ್ಲ.